ಕೊನೆಗೂ ಚಕ್ರ ನೆಲ ಬಿಟ್ಟಿತು
ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿನ ಚೈನಿಗೆ ಎಣ್ಣೆ ಹಾಕುವುದು ದೊಡ್ಡ ಕೆಲಸ. ಸ್ವಲ್ಪ ಹಾಕು, ಗಾಡಿ ತಳ್ಳು, ಮತ್ತೆ ಹಾಕು. ಗಾಡಿಯನ್ನು ಅಡಿಯಿಂದ ಮೇಲೆತ್ತುವ ಸಿಸರ್ ಜ್ಯಾಕ್ ಮೇಲೆ ನನಗೆ ಆಸೆ ಇತ್ತು, ಎರಡೂ ಚಕ್ರ ಎತ್ತಬಹುದಲ್ವಾ, ಆದರೆ ಬಗ್ಗಿ ನೋಡಿದರೆ ಇಂಜಿನ್ ಕೆಳಗೇ ಸೈಲೆನ್ಸರ್ ಪೈಪು ಹಾದುಹೋಗಿದೆ, ಜ್ಯಾಕ್ ಕೂರಲು ಗಟ್ಟಿ ಫ್ರೇಮಿನ ಜಾಗವೇ ಇಲ್ಲ. ಹಾಗಾಗಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್ ತಂದೆ. ಅದರಲ್ಲೂ ಹಿಂದಿನ ಚಕ್ರ ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿಗೆ ಬಾಬಿನ್ ಎಂಬ ಸಣ್ಣ ಉರುಳೆ ಕೂರಿಸಿ ಕೊಕ್ಕೆಯಿಂದ ಎತ್ತುವಂಥದ್ದು. ರಬ್ಬರ್ ಪ್ಯಾಡಿನದು ಹೆಚ್ಚಿನ ಬೈಕುಗಳಿಗೆ ಆಗುತ್ತದೆ ನಿಜ, ಆದರೆ ಜಾರುವ ಭಯ ಜಾಸ್ತಿ.

ನೆಲ ಸಮ ಇರಬೇಕು. ಎತ್ತುವಾಗ ಸೈಡ್ ಸ್ಟ್ಯಾಂಡ್ ಮಡಚಬೇಡಿ, ಮೊದಲ ಸಲ ಇನ್ನೊಬ್ಬರು ಹ್ಯಾಂಡಲ್ ಹಿಡಿದಿರಲಿ. ಮುಂದಿನ ಚಕ್ರ ಎತ್ತುವುದಿದ್ದರೂ ಮೊದಲು ಹಿಂದಿನದನ್ನೇ ಎತ್ತಬೇಕು. ಇಂಜಿನ್ ಆನ್ ಮಾಡಿ ಚೈನ್ ಒರೆಸುವ ಕೆಲಸ ಮಾತ್ರ ಬೇಡವೇ ಬೇಡ, ಬೆರಳು ಹೋಗುತ್ತದೆ.

ನಿನ್ನೆ ಮಗಳು ಹ್ಯಾಂಡಲ್ ಹಿಡಿದುಕೊಂಡಳು. ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲಿ ಸುಮ್ನೆ ತಿರುಗಿಸಿದೆ, ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ದಿನಾ ಹತ್ತಿ ಓಡಾಡುವ ಗಾಡಿಯನ್ನೇ ಎಷ್ಟು ಕಡಿಮೆ ನೋಡಿದ್ದೇನೆ ಅನ್ನಿಸಿತು. ಚೈನ್, ಅದು ಸುತ್ತುವ ಹಲ್ಲಿನ ಚಕ್ರ ಸ್ಪ್ರಾಕೆಟ್ ಎರಡನ್ನೂ ಈ ಭಾನುವಾರ ಬಿಚ್ಚಿ ನೋಡುತ್ತೇನೆ.