ಸಿಸ್ಟರ್‌ಗಳು ಸಿಎನ್‌ಇ ಕ್ಲಾಸಿಗೆ ಯಾಕೆ ಬರುವುದಿಲ್ಲ?

ಸಿಎನ್‌ಇ ಅಂದರೆ ಕೆಲಸಕ್ಕೆ ಸೇರಿದ ಮೇಲೂ ನರ್ಸ್‌ಗಳು ಮುಂದುವರಿಸಬೇಕಾದ ಕಲಿಕೆ. ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿ ನೋಡಿಕೊಳ್ಳುವ ನನ್ನನ್ನು ಡಾಕ್ಟರುಗಳು, ಆಫೀಸಿನವರು ಎಲ್ಲರೂ ಕೇಳುವುದು ಒಂದೇ. ‘ಕ್ಲಾಸ್ ಇಟ್ಟರೂ ಸಿಸ್ಟರ್‌ಗಳು ಬರುವುದಿಲ್ಲ, ಕಲಿಯುವ ಆಸಕ್ತಿ ಇಲ್ವಾ?’

ಆಸಕ್ತಿ ಇದೆ. ಇಲ್ಲದಿರುವುದು ಹೊತ್ತು.

ಕ್ಲಾಸ್ ಇಡುವುದು ಮಧ್ಯಾಹ್ನ ಎರಡೂವರೆಗೆ. ಮಾರ್ನಿಂಗ್ ಡ್ಯೂಟಿ ಎರಡಕ್ಕೇ ಮುಗಿಯಬೇಕು ನಿಜ, ಆದರೆ ಮುಂದಿನ ಡ್ಯೂಟಿಯವರಿಗೆ ರೋಗಿಗಳ ವಿವರ ಹೇಳಿ ಹ್ಯಾಂಡೋವರ್ ಕೊಟ್ಟು, ಬಾಕಿ ಚಾರ್ಟ್ ಬರೆದು ಏಳುವಷ್ಟರಲ್ಲಿ ಎರಡೂವರೆ ದಾಟಿರುತ್ತದೆ, ಅತ್ತ ಮಗು ಸ್ಕೂಲಿಂದ ಬರುವ ಹೊತ್ತು. ನೈಟ್ ಮುಗಿಸಿದವರು ನಿದ್ದೆಯಲ್ಲಿರುತ್ತಾರೆ. ಈವ್ನಿಂಗ್‌ನವರು ವಾರ್ಡ್ ಬಿಟ್ಟು ಬರುವಂತಿಲ್ಲ. ಇನ್ನು ಭಾನುವಾರದ ವರ್ಕ್‌ಶಾಪ್ ಅಂದರೆ ನಮ್ಮ ಬ್ರದರ್‌ಗಳು, ಅಂದರೆ ಗಂಡು ನರ್ಸ್‌ಗಳು, ಬ್ಯಾಗ್ ಹಿಡಿದು ಬೆಂಗಳೂರಿನ ಬಸ್ ಹತ್ತುತ್ತಾರೆ. ಅದೇ ವಾರ್ಡಿನ ಸಿಸ್ಟರ್ ಮೊದಲು ಗಂಡನಿಗೆ ಹೇಳಬೇಕು, ಅತ್ತೆಗೆ ಅನುಕೂಲವಾ ಕೇಳಬೇಕು, ಅಡುಗೆ ಮಾಡಿಟ್ಟು ಹೊರಡಬೇಕು, ಫೀಸು ಬಸ್‌ಚಾರ್ಜು ಎರಡನ್ನೂ ಕೈಯಿಂದಲೇ ಕೊಡಬೇಕು. ವಾರಕ್ಕೊಂದೇ ಆಫ್, ಅದೂ ಹೋಯಿತು.

ಇಷ್ಟೆಲ್ಲ ಮಾಡಿ ಕಲಿತು ಬಂದರೂ ಸಂಬಳ ಹೆಚ್ಚುವುದಿಲ್ಲ. ಗಾಯದ ಆರೈಕೆ ಕಲಿತು ಬಂದವರನ್ನು ಮರುವಾರವೇ ಓಪಿಡಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆ ಕಲಿಕೆ ಬೇಕು ಅನ್ನುತ್ತದೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್. ಲೆಕ್ಕ ಹಾಕಿದರೆ ತಿಂಗಳಿಗೆ ಎರಡೂವರೆ ಗಂಟೆ, ಜಾಸ್ತಿಯೇನಲ್ಲ. ಆದರೆ ಆ ಎರಡೂವರೆ ಗಂಟೆ ಯಾರ ಡ್ಯೂಟಿ ಲಿಸ್ಟಲ್ಲೂ ಇರುವುದಿಲ್ಲ, ಹಾಗಾಗಿ ಐದನೇ ವರ್ಷದ ಕೊನೆಯಲ್ಲಿ ಎಲ್ಲರೂ ಸಿಕ್ಕಸಿಕ್ಕ ಸರ್ಟಿಫಿಕೇಟಿಗೆ ಓಡುತ್ತಾರೆ. ಬ್ರಿಟನ್ನಿನಲ್ಲಿ ಕೇಳುವುದು 3 ವರ್ಷಕ್ಕೆ 35 ಗಂಟೆ ಮಾತ್ರ, ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತಿರಬೇಕು. ಜೊತೆಗೆ, ಕಲಿತದ್ದರಿಂದ ಅಥವಾ ಅನುಭವದಿಂದ ತನ್ನ ಕೆಲಸದಲ್ಲಿ ಏನು ಬದಲಾಯಿತು ಅಂತ ಐದು ಬರಹ ಕೊಡಬೇಕು. ಅಲ್ಲಿರುವ ನನ್ನ ಮಂಗಳೂರಿನ ಗೆಳತಿ ಇದನ್ನು ವಿವರಿಸಿದಾಗ ನನಗೆ ಹಿಡಿಸಿದ್ದು ಈ ಬರಹದ ವಿಷಯ. ಸುಮ್ನೆ ಕೂತು ಎದ್ದು ಬಂದರೆ ಬರೆಯಲು ಏನಿರುತ್ತದೆ, ಅಲ್ವಾ?

ಈಗ ನಾನು ಕ್ಲಾಸನ್ನೇ ವಾರ್ಡಿಗೆ ತಂದಿದ್ದೇನೆ. ಇಪ್ಪತ್ತು ನಿಮಿಷ, ಡ್ಯೂಟಿ ಟೈಮಲ್ಲೇ, ಒಂದೇ ವಿಷಯ: ಒಂದು ದಿನ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಸಲಕರಣೆ ಇಡುವ ಗಾಡಿ), ಇನ್ನೊಂದು ದಿನ ಔಷಧಿಯನ್ನು ನಿಧಾನವಾಗಿ ಅಳತೆಯಲ್ಲಿ ಕೊಡುವ ಸಿರಿಂಜ್ ಪಂಪಿನ ಡೋಸ್ ಲೆಕ್ಕ. ಹದಿನೆಂಟು ವರ್ಷ ಸರ್ವಿಸ್ ಆದ, ಹಾಲ್‌ಗೆ ಒಮ್ಮೆಯೂ ಬಾರದಿದ್ದ ಹಿರಿಯ ಸಿಸ್ಟರ್ ಪಂಪಿನ ದಿನ ಮುಂದೆ ನಿಂತು ಪ್ರಶ್ನೆ ಕೇಳಿದರು. ನೈಟ್ ಡ್ಯೂಟಿಯವರಿಗೆ ಮಾತ್ರ ಇನ್ನೂ ದಾರಿ ಹುಡುಕುತ್ತಿದ್ದೇನೆ.