ಗೆರೆ ಕಂಡ ದಿನ

4 ಜುಲೈ 2025, ಶುಕ್ರವಾರ, ರಾತ್ರಿ

ಇವತ್ತು ಇವಳಿಗೆ ಗೆರೆ ಕಂಡಿತು.

ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಮುಖ, ಕತ್ತು ಒರೆಸಲೆಂದು ಹಿತ್ತಲ ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದ್ದೆ. ಕಣ್ಣಿಗೆ ನೀರು ತಾಕಬಾರದು, ತಲೆಸ್ನಾನದ ಮಾತೇ ಇಲ್ಲ. ಒರೆಸಿಯಾದ ಮೇಲೆ ಎದ್ದು ನಿಂತವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. "ರೀ, ಮೇಲುಗಡೆ ಒಂದು ಗೆರೆ ಇದೆ. ಗೆರೆಯ ಮೇಲೆ ಹಸಿರು ಕಾಣುತ್ತಿದೆ."

ಕರಿಬೇವಿನ ಗಿಡದ ತುದಿ ಅದು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಸಿ ಮತ್ತೆ ಕೇಳಿದೆ. ಹಸಿರೇ. ಎಲೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಬಣ್ಣ ಮಾತ್ರ. ಆಪರೇಷನ್ ಆದ ಹತ್ತು ದಿನಗಳಿಂದ ಬಲಗಣ್ಣಿನಲ್ಲಿ ಬೆಳಕಿದೆ, ಕೈ ಆಡಿಸಿದರೆ ನೆರಳಾಡುತ್ತದೆ ಎಂದಷ್ಟೇ ಹೇಳುತ್ತಿದ್ದಳು. ಎರಡು ಹೆಜ್ಜೆ ನಡೆಸಿದೆ. ಗೆರೆ ತುಳುಕುತ್ತದೆಯಂತೆ, ತುಂಬಿದ ಕೊಡದ ನೀರಿನ ಹಾಗೆ.

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದಿದ್ದೇನೆ. ಕಣ್ಣಿನ ಹಿಂಗೋಡೆಯ ಪರದೆಯಾದ ರೆಟಿನಾದ ಮೇಲೆ ಬಿಂಬ ತಲೆಕೆಳಗಾಗಿ ಬೀಳುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸಿದ್ದೇನೆ. ಅದು ನನ್ನ ಮನೆಯಲ್ಲೇ, ಹಿತ್ತಲ ಬಾಗಿಲಲ್ಲಿ, ಹೀಗೆ ಎದುರಾಗುತ್ತದೆ ಎಂದುಕೊಂಡಿರಲಿಲ್ಲ. ಇವಳ ರೆಟಿನಾ ಹರಿದು ಗೋಡೆಯಿಂದ ಕಳಚಿಕೊಂಡಿತ್ತು. ಆಪರೇಷನ್ನಿನಲ್ಲಿ ಕಣ್ಣೊಳಗಿನ ಲೋಳೆಯನ್ನು ತೆಗೆದು ಅನಿಲ ತುಂಬಿದ್ದಾರೆ. ಹರಿದ ಜಾಗಕ್ಕೆ ಲೇಸರ್ ಬೆಸುಗೆ ಹಿಡಿಯುವವರೆಗೆ ಆ ಗುಳ್ಳೆ ರೆಟಿನಾವನ್ನು ಗೋಡೆಗೆ ಒತ್ತಿ ಹಿಡಿದಿರಬೇಕು. ಗುಳ್ಳೆ ಇರುವುದು ಕಣ್ಣಿನ ಮೇಲ್ಭಾಗದಲ್ಲಿ, ಇವಳಿಗೆ ಕಾಣುವುದು ಕೆಳಗೆ. ಅದು ಕರಗಿದಂತೆಲ್ಲ ನೋಟ ಮೇಲಿನಿಂದ ಬಿಟ್ಟುಕೊಡುತ್ತದೆ, ಗೆರೆ ಕೆಳಗಿಳಿಯುತ್ತದೆ. ಪರ್‌ಫ್ಲೋರೋಪ್ರೊಪೇನ್ ಅನಿಲ ಪೂರ್ತಿ ಕರಗಲು ಆರರಿಂದ ಎಂಟು ವಾರ ಬೇಕು. ಆಮೇಲೂ ಎಷ್ಟು ಕಾಣುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ನೋಟದ ನಡುಭಾಗವೂ ಕಳಚಿಕೊಂಡಿತ್ತು, ಕಾದು ನೋಡಬೇಕು ಎಂದಿದ್ದಾರೆ. ಇವತ್ತು ಅದನ್ನೆಲ್ಲ ನೆನೆಯಲು ಮನಸ್ಸಾಗಲಿಲ್ಲ. ಉಪ್ಪಿಟ್ಟಿಗೆ ಅದೇ ಗಿಡದಿಂದ ಕರಿಬೇವು ಕಿತ್ತು ತಂದೆ.

ಹನಿಯ ಕೆಲಸ ಈಗ ಕೈಗೆ ಹಿಡಿದಿದೆ. ಒಂಟಿಕೊಪ್ಪಲು ಕ್ಯಾಲೆಂಡರಿನ ಮನೆಗಳಲ್ಲಿ ಹನಿ ಹಾಕಿದಾಗಲೆಲ್ಲ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತೇನೆ. ಹಾಲಿನಂಥ ಬಿಳಿ ಔಷಧಿಯನ್ನು ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಮದ್ದು ತಳದಲ್ಲೇ ಉಳಿಯುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಹತ್ತು ನಿಮಿಷ ಬಿಡಬೇಕು. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದರೆ ಒಂದು ಪುಟ್ಟ ಚೀಲದಂತಾಗುತ್ತದೆ, ಹನಿ ಅಲ್ಲಿಗೆ ಬೀಳಬೇಕು. ಮೊದಲ ದಿನ ನನ್ನ ಕೈ ನಡುಗಿ ಮೂರು ಹನಿ ಕೆನ್ನೆಯ ಮೇಲೆ ಹರಿದವು. ಬಿಳಿಗುಡ್ಡೆ ಆಗ ಕೆಂಡದ ಹಾಗಿತ್ತು, ಈಗ ಮೂಗಿನ ಕಡೆಯ ಮೂಲೆಯಲ್ಲಿ ಮಾತ್ರ ಕೆಂಪು ಉಳಿದಿದೆ. ಹನಿ ಬಿದ್ದ ಮೇಲೆ ಆ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯುತ್ತೇನೆ, ತಪ್ಪಿದರೆ ಗಂಟಲಿಗೆ ಕಹಿ ಇಳಿಯುತ್ತದೆ. ಮದುವೆಯಾಗಿ ಮೂವತ್ನಾಲ್ಕು ವರ್ಷ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಇವಳ ಕಣ್ಣನ್ನು ನಾನು ಯಾವತ್ತೂ ನೋಡಿರಲಿಲ್ಲ.

ಗುಳ್ಳೆ ರೆಟಿನಾವನ್ನು ಒತ್ತಿರಲೆಂದು ಮೊದಲ ವಾರ ಗಂಟೆಗೆ ಐವತ್ತು ನಿಮಿಷ ಮುಖ ಕೆಳಗೆ ಹಾಕಿರಬೇಕಿತ್ತು. ಊಟದ ಮೇಜಿನ ಅಂಚಿಗೆ ದುಪ್ಪಟಿ ಸುತ್ತಿಟ್ಟು ಅದಕ್ಕೆ ಹಣೆಯೊತ್ತಿ ಕೂರುತ್ತಿದ್ದಳು. ಈಗ ದಿನಕ್ಕೆ ಆರು ಗಂಟೆ ಸಾಕು. ಒಂದು ಸಲವೂ ಗೊಣಗಲಿಲ್ಲ. "ಬೆಟ್ಟದ ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚಿದ್ದೇನೆ, ಇದೇನು ಮಹಾ" ಎಂದಳು. ನೆಲ ನೋಡುತ್ತಲೇ ಬಂದವರನ್ನು ಪಾದದಿಂದ ಗುರುತಿಸುವುದನ್ನು ಕಲಿತಳು. "ನಿಮ್ಮ ಹಿಮ್ಮಡಿ ಇಷ್ಟು ಒಡೆದಿದೆ ಎಂದು ನನಗೆ ಗೊತ್ತೇ ಇರಲಿಲ್ಲ" ಎಂದವಳು, ಅವತ್ತು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವವರೆಗೆ ಬಿಡಲಿಲ್ಲ.

ಆಷಾಢದ ಎರಡನೆಯ ಶುಕ್ರವಾರ ಇವತ್ತು. ಸಂಜೆ ಎದುರು ಮನೆಯವರು ಚಾಮುಂಡಿಬೆಟ್ಟದಿಂದ ಪ್ರಸಾದ ತಂದುಕೊಟ್ಟರು. ಕಾಲುಂಗುರ ಕಂಡೇ ಇವಳು ಅವರ ಹೆಸರು ಹಿಡಿದು ಕರೆದಳು. ಹಣೆಗೆ ಇಡಲೆಂದು ಅವರು ಕುಂಕುಮದ ಪೊಟ್ಟಣ ಬಿಚ್ಚಿದ್ದೇ ತಡ, ನಾನು ಕೈ ಅಡ್ಡ ಹಿಡಿದುಬಿಟ್ಟೆ. ಒಂದು ಕಣ ಕಣ್ಣಿಗೆ ಉದುರಿದರೆ? ಅವರ ಮುಖ ಸಪ್ಪಗಾಯಿತು. ಇವಳೇ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ತಾಳಿಗೆ ಒತ್ತಿಕೊಂಡಳು. ಹಸಿರು ಗಾಜಿನ ಬಳೆಗಳ ನಡುವೆ ಆಸ್ಪತ್ರೆಯವರು ಕಟ್ಟಿದ ಹಸಿರು ಪಟ್ಟಿ. ಕಣ್ಣಿನಲ್ಲಿ ಅನಿಲವಿದೆ, ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಕೊಡಬಾರದು, ವಿಮಾನ ಹತ್ತಿಸಬಾರದು ಎಂದು ಅದರ ಮೇಲೆ ಬರೆದಿದೆ.

"ಮುಂದಿನ ಶುಕ್ರವಾರ ಹೋಗಿಬನ್ನಿ, ಮೆಟ್ಟಿಲೇಕೆ, ಲಲಿತಮಹಲ್ ಮೈದಾನದಿಂದ ಬಸ್ ಇದೆಯಲ್ಲ" ಎಂದರು ಅವರು. ಬೆಟ್ಟಕ್ಕೂ ಸದ್ಯ ಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದೆ.

ಅವರು ಹೋದ ಮೇಲೆ ಇವಳು ಕೇಳಿದಳು, "ಅಷ್ಟು ಎತ್ತರಕ್ಕೂ ಆಗುವುದಿಲ್ಲವೇ?"

ನಾನು ಮಣೆ ಹಾಕಿಕೊಂಡು ನೆಲದಲ್ಲಿ ಕುಳಿತೆ. ಮುಖ ಕೆಳಗಿಟ್ಟವಳ ಮುಖ ನೋಡಬೇಕಾದರೆ ಅದೊಂದೇ ದಾರಿ. ಊರಿಗಿಂತ ಬೆಟ್ಟ ಸುಮಾರು 300 ಮೀಟರ್ ಎತ್ತರ, ಗಾಳಿಯ ಒತ್ತಡ ನೂರಕ್ಕೆ ಮೂರರಷ್ಟು ಇಳಿಯುತ್ತದೆ, ಅದು ಅಲ್ಪವೇ. ಆದರೆ ವಿಮಾನದೊಳಗೆ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲುಭಾಗದಷ್ಟು ಕಡಿಮೆ. ಹೊರಗಿನ ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆ, ಬಾಯ್ಲ್ ನಿಯಮ. ಹಿಗ್ಗಲು ಕಣ್ಣಿನಲ್ಲಿ ಜಾಗವಿಲ್ಲ. ಒಳಗಿನ ಒತ್ತಡ ಏರಿ ರೆಟಿನಾಕ್ಕೆ ರಕ್ತವೇ ನಿಂತುಹೋಗಬಹುದು.

"ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತೀರಿ" ಎಂದಳು. ನಿಜವಾಗಿಯೇ ಹೇಳಿದಳು, ನನ್ನನ್ನು ಚುಚ್ಚಬೇಕೆಂದಲ್ಲ. ಆದರೆ ಹತ್ತು ದಿನಗಳಿಂದ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂದುಬಿಟ್ಟಿತು.

"ಜೂನ್ ಮೊದಲ ವಾರ ನೀನು ಹೇಳಿದೆಯಲ್ಲ, ಕಣ್ಣ ಮುಂದೆ ನೊಣ ಹಾರಾಡುತ್ತದೆ ಎಂದು."

"ಹೇಳಿದ್ದೆ."

"ನಾನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಕನ್ನಡಕ ಒರೆಸಿಕೋ ಎಂದೆ."

"ಒರೆಸಿಕೊಂಡೆ. ನಿಮ್ಮ ಪಂಚೆಯ ಅಂಚಿನಲ್ಲೇ ಒರೆಸಿಕೊಂಡೆ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಒರೆಸಿದ ಮೇಲೂ ನೊಣ ಇತ್ತು. ಆಮೇಲೆ ರಾತ್ರಿ ದೀಪ ಆರಿಸಿದರೆ ಪಕ್ಕದಲ್ಲಿ ಮಿಂಚು ಹೊಡೆದಂತಾಗುತ್ತಿತ್ತು. ಐದಾರು ರಾತ್ರಿ. ನಾನೇ ಹೇಳಲಿಲ್ಲ."

"ಯಾಕೆ?"

"ಹೇಳಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಿರಿ. ಅವರು ಪ್ರಯಾಣ ಬೇಡ ಎಂದುಬಿಟ್ಟಿದ್ದರೆ? ಬಾಣಂತನಕ್ಕೆ ತಾಯಿ ಬೇಡವೇ ಅದಕ್ಕೆ?"

ಜುಲೈ 19ಕ್ಕೆ ಡಲ್ಲಾಸಿಗೆ ಟಿಕೆಟ್ ಆಗಿತ್ತು. ಮಗಳಿಗೆ ಆಗಸ್ಟ್ ಮೊದಲ ವಾರ ದಿನ ತುಂಬುತ್ತದೆ. ಸಣ್ಣದೊಂದು ಪೊರೆಯ ಆಪರೇಷನ್ ಎಂದು ಮಾತ್ರ ಅವಳಿಗೆ ಹೇಳಿದ್ದೇವೆ. ಟಿಕೆಟ್ ರದ್ದಾದ ವಿಷಯ ಇನ್ನೂ ಹೇಳಿಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆದೆ. ಹಿಂದಿನಿಂದ ಇವಳ ದನಿ ಬಂತು, "ರೀ, ಮಿಂಚು ಕಂಡಾಗಲೇ ಹೋಗಿದ್ದರೆ ಏನು ಮಾಡುತ್ತಿದ್ದರು?"

ಇದನ್ನು ನಾನು ಡಾಕ್ಟರನ್ನು ಕೇಳಿಯಾಗಿದೆ, ಆಪರೇಷನ್ನಿನ ಮಾರನೆಯ ದಿನ, ಒಬ್ಬನೇ ಇದ್ದಾಗ. ಬರಿ ಹರಿದಿದ್ದ ಹಂತದಲ್ಲೇ ಬಂದಿದ್ದರೆ ಬಹುಶಃ ಸುತ್ತ ಲೇಸರ್ ಹಾಕಿ ಅವತ್ತೇ ಮನೆಗೆ ಕಳುಹಿಸಬಹುದಿತ್ತು, ಅನಿಲ ಬೇಕಾಗುತ್ತಿರಲಿಲ್ಲ ಎಂದಿದ್ದರು. ಅನಿಲ ಇಲ್ಲದಿದ್ದರೆ ವಿಮಾನಕ್ಕೂ ತಡೆಯಿರುತ್ತಿರಲಿಲ್ಲ.

"ಆಗಲೂ ಇದೇ ಆಪರೇಷನ್ನೇ" ಎಂದೆ.

"ಹೌದೇ" ಎಂದು ಉಸಿರು ಬಿಟ್ಟಳು. ಭುಜ ಇಳಿದದ್ದು ಬಾಗಿಲಿನಿಂದಲೇ ಕಾಣಿಸಿತು. ಆಮೇಲೆ ಎಂದಳು, "ಹಾಗಾದರೆ ನೀವೊಬ್ಬರಾದರೂ ಹೋಗಿಬನ್ನಿ. ಎದುರು ಮನೆಯವರು ಹನಿ ಹಾಕುತ್ತಾರೆ."

ಉತ್ತರ ಕೊಟ್ಟಿಲ್ಲ. ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಇಟ್ಟು ಟೇಪ್ ಅಂಟಿಸಿ ಮಲಗಿಸಿದ್ದೇನೆ. ಕಣ್ಣು ತಿಳಿಯಾದ ಮೇಲೆ ಇವಳು ಇದನ್ನು ಓದುತ್ತಾಳೆ ಎಂದು ಗೊತ್ತು. ಓದಲಿ. ಭಾನುವಾರ ಮಗಳು ಫೋನ್ ಮಾಡುತ್ತಾಳೆ, ಈ ಸಲ ಅಮ್ಮನ ಮುಖ ತೋರಿಸು ಎಂದು ಹಟ ಹಿಡಿಯುತ್ತಾಳೆ. ಅಷ್ಟರೊಳಗೆ ಗೆರೆ ಇನ್ನೊಂದಿಷ್ಟು ಕೆಳಗಿಳಿದಿದ್ದರೆ ಹೇಳುವುದು ಸುಲಭವಾಗಬಹುದೇನೋ, ಅಥವಾ ನಾಳೆಯೇ ನಾನು