ಚೆಂಡಿನ ಮೇಲಿನ ರೋಬೋ ಮತ್ತು ತೊಟ್ಟಿಲ ಕೊಕ್ಕೆ

ನಮ್ಮ ಮನೆಯ ನಡುಮನೆಯ ಜಂತಿಯಲ್ಲಿ ಒಂದು ಕಬ್ಬಿಣದ ಕೊಕ್ಕೆಯಿದೆ. ನಾನು ಹುಟ್ಟಿದಾಗ ತೊಟ್ಟಿಲು ಕಟ್ಟಿದ್ದು ಅದಕ್ಕೇ. ಕಳೆದ ಐದು ತಿಂಗಳಿಂದ ಅಲ್ಲಿಂದ ನೈಲಾನ್ ಹಗ್ಗವೊಂದು ಇಳಿಬಿದ್ದಿದೆ, ಹಗ್ಗದ ತುದಿಯಲ್ಲಿ ಮೂರು ಕಿಲೋ ತೂಕದ ರೋಬೋವೊಂದು ಚೆಂಡಿನ ಮೇಲೆ ನಿಲ್ಲುವುದನ್ನು ಕಲಿಯುತ್ತಿದೆ. ಹಗ್ಗವನ್ನು ಸಡಿಲವಾಗಿಯೇ ಬಿಟ್ಟಿದ್ದೇನೆ. ರೋಬೋ ಪೂರ್ತಿ ವಾಲಿದಾಗ ಮಾತ್ರ ಅದು ಬಿಗಿದು, ನೆಲಕ್ಕೆ ಅಪ್ಪಳಿಸದಂತೆ ತಡೆಯುತ್ತದೆ. "ನಿನ್ನನ್ನೇ ತೂಗಿದ ಕೊಕ್ಕೆ ಕಣೋ ಅದು, ಜೋಪಾನ" ಎಂದು ಅಮ್ಮ ಮೊದಲ ದಿನವೇ ಎಚ್ಚರಿಸಿದ್ದರು.

ಇಂಥ ಯಂತ್ರ ಹೊಸದೇನಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಹಾಲಿಸ್ 2005ರ ಸುಮಾರಿಗೆ ಮನುಷ್ಯನೆತ್ತರದ ರೋಬೋವೊಂದನ್ನು ಒಂದೇ ಚೆಂಡಿನ ಮೇಲೆ ನಿಲ್ಲಿಸಿದರು. ಹಳೆಯ ಕಂಪ್ಯೂಟರ್ ಮೌಸಿನ ಹೊಟ್ಟೆಯಲ್ಲಿ ರಬ್ಬರ್ ಗುಂಡು ಉರುಳಿ ಉರುಳೆಗಳನ್ನು ತಿರುಗಿಸುತ್ತಿತ್ತಲ್ಲವೇ, ಅದನ್ನೇ ತಿರುವು ಮುರುವು ಮಾಡಿ ಉರುಳೆಗಳಿಂದ ಚೆಂಡನ್ನು ತಿರುಗಿಸುವ ಏರ್ಪಾಡು ಅವರದು. ನಾನು ಅನುಸರಿಸಿದ್ದು ಜಪಾನಿನ ತೊಹೊಕು ಗಾಕುಯಿನ್ ವಿಶ್ವವಿದ್ಯಾಲಯದ ಮಸಾಕಿ ಕುಮಗಾಯ್ 2008ರಲ್ಲಿ ತೋರಿಸಿದ ದಾರಿಯನ್ನು. ಅದರಲ್ಲಿ ಮೂರು ಓಮ್ನಿ ಚಕ್ರಗಳು ತಲಾ 120 ಡಿಗ್ರಿ ಅಂತರದಲ್ಲಿ ಚೆಂಡಿನ ಮೇಲ್ಭಾಗಕ್ಕೆ ಓರೆಯಾಗಿ ಒರಗಿರುತ್ತವೆ. ಓಮ್ನಿ ಚಕ್ರದ ಅಂಚಿನುದ್ದಕ್ಕೂ ಸಣ್ಣ ಸಣ್ಣ ಉರುಳೆಗಳಿರುವುದರಿಂದ ಅದು ತಾನು ತಿರುಗುವ ದಿಕ್ಕಿಗೆ ಚೆಂಡನ್ನು ತಳ್ಳುತ್ತದೆ, ಅಡ್ಡಡ್ಡಲಾಗಿ ಮಾತ್ರ ಜಾರಲು ಬಿಡುತ್ತದೆ; ಹೀಗಾಗಿ ಮೂರೂ ಚಕ್ರಗಳ ವೇಗವನ್ನು ಹೊಂದಿಸಿದರೆ ಚೆಂಡು ಬೇಕಾದ ಕಡೆಗೆ ಉರುಳುತ್ತದೆ.

ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ಹಳದಿ ಗೇರ್ ಮೋಟಾರುಗಳನ್ನು ತಂದು ಎರಡು ವಾರ ಹಾಳು ಮಾಡಿಕೊಂಡೆ. ಅವುಗಳ ಹಲ್ಲುಗಳ ನಡುವಿನ ಸಡಿಲಕ್ಕೆ ಮೆಕ್ಯಾನಿಕ್‌ಗಳು 'ಪ್ಲೇ' ಎನ್ನುತ್ತಾರೆ. ಕ್ಷಣಕ್ಕೊಮ್ಮೆ ದಿಕ್ಕು ಬದಲಿಸಬೇಕಾದ ಯಂತ್ರದಲ್ಲಿ ಆ ಸಡಿಲವೇ ಸಾಕು, ರೋಬೋ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಆಮೇಲೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರು ಹಾಕಿದೆ. ಒಂದು ಸುತ್ತಿಗೆ 200 ಹೆಜ್ಜೆ. ಮೋಟಾರನ್ನು ನಡೆಸುವ ಡ್ರೈವರ್ ಚಿಪ್ಪು ಒಂದೊಂದು ಹೆಜ್ಜೆಯನ್ನೂ ಹದಿನಾರು ಪಾಲು ಮಾಡುವುದರಿಂದ 3200. ಗೇರಿಲ್ಲ, ಆದ್ದರಿಂದ ಸಡಿಲವೂ ಇಲ್ಲ.

ಚೆಂಡಿನ ಕಥೆ ಬೇರೆ. ಬಾಸ್ಕೆಟ್‌ಬಾಲ್ ಮೃದು, ಚಕ್ರಗಳು ಒತ್ತಿದ ಕಡೆಯೆಲ್ಲ ತಗ್ಗುತ್ತದೆ, ಗಾಳಿ ಸ್ವಲ್ಪ ಇಳಿದರೂ ಹಿಂದಿನ ದಿನದ ಲೆಕ್ಕವೆಲ್ಲ ತಪ್ಪುತ್ತದೆ. ಕೊನೆಗೆ ಹಳೆಯದೊಂದು ಬೌಲಿಂಗ್ ಚೆಂಡು ಸಿಕ್ಕಿತು. ಅದರ ಮೂರು ಬೆರಳುತೂತುಗಳನ್ನು ಎಂ-ಸೀಲ್ ತುಂಬಿ ಮುಚ್ಚಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ಉಜ್ಜಿ ಬೆರಳಿಗೆ ಅಂಚು ತಾಗದಷ್ಟು ನಯ ಮಾಡಿ, ಮೇಲೆ ರಬ್ಬರ್ ಬಣ್ಣದ ನಾಲ್ಕು ಪದರ ಬಳಿದೆ. ಆ ಬಣ್ಣವಿಲ್ಲದಿದ್ದರೆ ಚಕ್ರಗಳು ಎಣ್ಣೆ ಸವರಿದ ಕಲ್ಲಿನ ಮೇಲೆ ತಿರುಗಿದಂತೆ ಸುಮ್ಮನೆ ತಿರುಗುತ್ತವೆ.

ಉದ್ದನೆಯ ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟವನ್ನು ಚಿಕ್ಕಂದಿನಲ್ಲಿ ಎಲ್ಲರೂ ಆಡಿದ್ದೇವೆ, ಪೆನ್ಸಿಲಿನಿಂದ ಮಾತ್ರ ಅದು ಸಾಧ್ಯವಾಗುತ್ತಿರಲಿಲ್ಲ. ಉದ್ದವಾದದ್ದು ನಿಧಾನವಾಗಿ ಬೀಳುತ್ತದೆ, ಕೈಗೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಇದು ಗೊತ್ತಿದ್ದೂ ನಾನು ಬ್ಯಾಟರಿಯನ್ನು ಭದ್ರವಾಗಿರಲೆಂದು ಕೆಳಗೇ ಕಟ್ಟಿದ್ದೆ. ಅದನ್ನು ಬಿಚ್ಚಿ ನೆತ್ತಿಯ ಮೇಲಿಟ್ಟ ಸಂಜೆಯೇ ರೋಬೋ ಮೊದಲ ಬಾರಿಗೆ ನಾಲ್ಕು ಸೆಕೆಂಡು ನಿಂತಿತು.

ವಾಲಿಕೆಯನ್ನು ಅಳೆಯಲು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಎಂಪಿಯು-6050 ಸಂವೇದಕವಿದೆ. ಅದರೊಳಗಿನ ಗೈರೋ ಕ್ಷಣಕ್ಷಣದ ತಿರುಗುವಿಕೆಯನ್ನು ಚೆನ್ನಾಗಿ ಹೇಳುತ್ತದೆ, ಆದರೆ ಹೊತ್ತು ಕಳೆದಂತೆ ತಪ್ಪು ಕೂಡುತ್ತಾ ಹೋಗುತ್ತದೆ; ಅದರಲ್ಲೇ ಇರುವ ವೇಗೋತ್ಕರ್ಷಮಾಪಕಕ್ಕೆ (ಆಕ್ಸೆಲೆರೋಮೀಟರ್) ಭೂಮಿ ಯಾವ ಕಡೆಗಿದೆಯೆಂಬುದು ಸದಾ ತಿಳಿದಿರುತ್ತದೆ, ಆದರೆ ಮೋಟಾರಿನ ಪ್ರತಿ ಅದುರಿಗೂ ಬೆದರುತ್ತದೆ. ಸೆಕೆಂಡಿಗೆ 200 ಬಾರಿ ಗೈರೋವಿನ ಮಾತಿಗೆ ನೂರಕ್ಕೆ 98, ಇನ್ನೊಂದರ ಮಾತಿಗೆ 2 ಎಂಬ ಪ್ರಮಾಣದಲ್ಲಿ ಬೆರೆಸಿದರೆ ನಂಬುವಂಥ ಕೋನ ಸಿಗುತ್ತದೆ.

ಇಷ್ಟಾದರೂ ರೋಬೋ ಬೀಳದೆ, ಆದರೆ ನಿಲ್ಲದೆ, ಗೋಡೆಯ ಕಡೆಗೆ ಓಡುತ್ತಿತ್ತು. ಈ ಓಟವೇ ನನ್ನನ್ನು ಒಂದು ತಿಂಗಳು ಕಾಡಿದ್ದು. ಸಂವೇದಕದ ಹಲಗೆಯನ್ನು ಸ್ಕ್ರೂ ಬಿಗಿಯುವಾಗ ನಾನು ಸುಮಾರು ಒಂದು ಡಿಗ್ರಿ ಓರೆಯಾಗಿ ಕೂರಿಸಿದ್ದೆ. ರೋಬೋ ತಾನು ನೆಟ್ಟಗಿದ್ದೇನೆಂದು ಭಾವಿಸಿ ಒಂದು ಡಿಗ್ರಿ ವಾಲಿಕೊಂಡೇ ಇರುತ್ತದೆ, ವಾಲಿಕೊಂಡು ಬೀಳದಿರಬೇಕಾದರೆ ಚೆಂಡು ಆ ಕಡೆಗೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗಬೇಕು. ನನ್ನ ಚೆಂಡಿನ ತೂಕಕ್ಕೆ ಲೆಕ್ಕ ಹಾಕಿದರೆ ಆರು ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ಆಗುತ್ತದೆ. ನಡುಮನೆಯ ಮಧ್ಯದಿಂದ ಗೋಡೆಗೆ ಇರುವ ದೂರವೂ ಅಷ್ಟೇ.

ಓರೆ ಸರಿಪಡಿಸಿದೆ, ಓಟ ನಿಧಾನವಾಯಿತು, ನಿಲ್ಲಲಿಲ್ಲ. ವಾಲಿಕೆ ಮತ್ತು ವಾಲುವ ವೇಗ ಇವೆರಡನ್ನೇ ನೋಡಿಕೊಳ್ಳುವ ಪ್ರೋಗ್ರಾಮಿಗೆ ತಾನು ಎಲ್ಲಿದ್ದೇನೆಂಬ ಗೊಡವೆಯೇ ಇರುವುದಿಲ್ಲ. ಚೆಂಡು ಎಷ್ಟು ದೂರ ಬಂದಿದೆ, ಎಷ್ಟು ವೇಗವಾಗಿ ಉರುಳುತ್ತಿದೆ ಎಂಬುದನ್ನೂ ಸೂತ್ರಕ್ಕೆ ಸೇರಿಸಬೇಕು. ಬಲಕ್ಕೆ ಬಂದಿದ್ದರೆ ಎಡಕ್ಕೆ ತಳ್ಳಬೇಕೆಂದು ಯಾರಿಗಾದರೂ ತೋಚುವಂತೆಯೇ ನಾನೂ ಬರೆದೆ. ರೋಬೋ ಹಿಂದೆಂದೂ ಓಡದಷ್ಟು ಜೋರಾಗಿ ಬಲಗಡೆಯ ಗೋಡೆಗೆ ನುಗ್ಗಿ ಹಗ್ಗಕ್ಕೆ ನೇತುಬಿದ್ದಿತು. ಸೂತ್ರದಲ್ಲಿ ಅದೇ ಅಂಕಿಯ ಪ್ಲಸ್-ಮೈನಸ್ ಚಿಹ್ನೆಯನ್ನು ತಿರುಗಿಸಿದಾಗ ನಿಂತಿತು! ಎಡಕ್ಕೆ ಮರಳಬೇಕಾದರೆ ಚೆಂಡು ಮೊದಲು ಇನ್ನಷ್ಟು ಬಲಕ್ಕೆ ಉರುಳಿ, ಮೈಯನ್ನು ಎಡಕ್ಕೆ ವಾಲಿಸಿ, ಆಮೇಲೆ ಆ ಮೈಯನ್ನು ಹಿಂಬಾಲಿಸುವಂತೆ ಎಡಕ್ಕೆ ಬರಬೇಕು. ಕಾಗದದ ಮೇಲೆ ಇದನ್ನು ಹತ್ತು ಸಲ ಓದಿದ್ದೆ, ಆದರೂ ಕಣ್ಣೆದುರು ಚೆಂಡು ತುಸು ಆಚೆ ಸರಿದು ಈಚೆ ಬಂದುದನ್ನು ಕಾಣುವ ತನಕ ಅದು ನನಗೆ ಅರ್ಥವಾಗಿರಲಿಲ್ಲ.

ಈಗ ಅದು ಊಟದ ತಟ್ಟೆಯಷ್ಟು ಜಾಗದೊಳಗೆ ಹತ್ತು ನಿಮಿಷ ನಿಲ್ಲುತ್ತದೆ, ಬೆರಳಿನಿಂದ ನೂಕಿದರೆ ಹೋಗಿ ಮರಳುತ್ತದೆ. ನಿಂತಲ್ಲೇ ನಿಧಾನವಾಗಿ ಸುತ್ತು ತಿರುಗುವುದು ಮಾತ್ರ ತಪ್ಪಿಲ್ಲ. ವಾಲಿಕೆಯ ತಪ್ಪನ್ನು ತಿದ್ದಲು ಭೂಮಿಯ ಸೆಳೆತವಿದೆ, ಮುಖ ಯಾವ ದಿಕ್ಕಿಗಿದೆ ಎಂಬುದನ್ನು ತಿದ್ದಲು ಅದು ಒದಗುವುದಿಲ್ಲ. ದಿಕ್ಸೂಚಿ ಚಿಪ್ಪು ಹಾಕಿ ನೋಡಿದೆ, ಮೋಟಾರಿನ ಆಯಸ್ಕಾಂತಗಳ ಪಕ್ಕದಲ್ಲಿ ಅದು ಅಡುಗೆಮನೆಯನ್ನೇ ಉತ್ತರವೆಂದು ತೋರಿಸಿತು. ಮುಂದಿನ ವಾರ ಅದನ್ನು ಒಂದು ಗೇಣು ಮೇಲಕ್ಕೆ, ಬ್ಯಾಟರಿಗಿಂತಲೂ ಎತ್ತರದಲ್ಲಿ, ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಕಟ್ಟಿ ನೋಡಬೇಕೆಂದಿದ್ದೇನೆ.